ಗಾಡ್ಜಿಲ್ಲಾ ಮತ್ತು ನಮ್ಮ ಭೀಮಾ ಹೊಳೆ

ಹೋದ ಸಲ ರಜೆಗೆ ಅಫಜಲಪುರದ ಕಡೆಯ ನಮ್ಮೂರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ 'ಶಿನ್ ಗಾಡ್ಜಿಲ್ಲಾ' ಹಾಕಿಕೊಂಡು ಕೂತಿದ್ದೆ.

1954ರ ಮೊದಲ ಗಾಡ್ಜಿಲ್ಲಾ ಹುಟ್ಟಿದ್ದು ಹೈಡ್ರೋಜನ್ ಬಾಂಬಿನ ಭಯದಿಂದ. ಆಮೇಲೆ ಬರಬರುತ್ತಾ ಅದು ಮಕ್ಕಳ ಹೀರೋ ಆಗಿಬಿಟ್ಟಿತು. 2016ರಲ್ಲಿ ಹಿಡೆಯಾಕಿ ಆನ್ನೊ, ಶಿಂಜಿ ಹಿಗುಚಿ ಇಬ್ಬರೂ ಸೇರಿ ಅದನ್ನು ಹೊಸದಾಗಿ ಕಟ್ಟಿದರು. ಹಿಂದೆ 2011ರ ಸುನಾಮಿ, ಫುಕುಶಿಮಾದ ನೆನಪಿತ್ತು. ಇದರಲ್ಲಿ ಗಾಡ್ಜಿಲ್ಲಾ ಹೊಳೆಯೊಳಗೆ ದೋಣಿಗಳನ್ನು ತಳ್ಳಿಕೊಂಡು ಊರಿಗೆ ನುಗ್ಗುತ್ತದೆ. ಮಂತ್ರಿಗಳು ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಓಡುತ್ತಾರೆ.

ಹಿಂದೆ ನಿಂತು ನೋಡುತ್ತಿದ್ದ ಮುತ್ಯಾ ಅಂದ: "ಇವ್ರ ಮೀಟಿಂಗ್ ಮುಗಿಯೂದ್ರಾಗ ಊರೇ ಮುಳಗತದ ತಮ್ಮಾ."

ನನಗೆ ನಗು ಬರಲಿಲ್ಲ... 2020ರ ಅಕ್ಟೋಬರಿನಲ್ಲಿ ಉಜನಿಯಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ ನಾನು ಬೆಂಗಳೂರಿನಲ್ಲಿದ್ದೆ. ಮುತ್ಯಾ ರಾತ್ರಿಯಿಡೀ ಗುಡಿಯ ಮಾಳಿಗೆ ಮೇಲೆ ಕೂತಿದ್ದ. ಫೋನ್ ಹತ್ತುತ್ತಿರಲಿಲ್ಲ.

ಹಳೆಯ ದೈತ್ಯನನ್ನು ಹೊಸದಾಗಿ ಕಟ್ಟಲು ಗ್ರಾಫಿಕ್ಸ್ ಒಂದೇ ಸಾಲದು, ನೋಡುವವರ ಈಗಿನ ಭಯ ಗೊತ್ತಿರಬೇಕು ಅನ್ನಿಸಿತು. ಜಪಾನಿ ಬಾರದ ಮುತ್ಯಾನಿಗೆ ಆ ಸಿನಿಮಾ ಅರ್ಥವಾಗಿದ್ದೂ ಅದಕ್ಕೇ ಇರಬೇಕು. ಅವತ್ತು ಪೂರ್ತಿ ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದ.

ನಿಮ್ಮೂರಿನ ಗಾಡ್ಜಿಲ್ಲಾ ಯಾವುದು?