ನಿಗಡಿಯ ನೀರು, ನ್ಯಾಯದ ಬಾಗಿಲು

ಪುಣೆಯಿಂದ ಮುಂಬಯಿಯ ಹಳೆಯ ಹೆದ್ದಾರಿ ಹಿಡಿದು ಚಿಂಚವಾಡ, ಆಕುರ್ಡಿ ದಾಟಿದರೆ ನಿಗಡಿ. ಊರಿನಿಂದ ಬಂದ ನಂಟರಿಷ್ಟರನ್ನು ನಾವು ಇಲ್ಲಿಯ ಭಕ್ತಿ-ಶಕ್ತಿ ಶಿಲ್ಪದ ಬಳಿಗೆ ಕರೆದೊಯ್ಯುವುದುಂಟು. ಶಿವಾಜಿ ಮಹಾರಾಜರೂ ಸಂತ ತುಕಾರಾಮರೂ ಭೇಟಿಯಾದ ದೃಶ್ಯವದು. ತುಕಾರಾಮರ ದೇಹು ಇಲ್ಲಿಂದ ದೂರವಿಲ್ಲ. ಅವರ ಪಾಲಖಿ ಈ ದಾರಿಯಾಗಿಯೇ ಪಂಢರಪುರಕ್ಕೆ ಸಾಗುತ್ತದೆ.

ನಿಗಡಿಯಲ್ಲಿ ನೋಡತಕ್ಕದ್ದು ಇನ್ನೊಂದುಂಟು: ನೀರು ಶುದ್ಧೀಕರಿಸುವ ಕೇಂದ್ರ. ಮಾವಳ ತಾಲೂಕಿನ ಪವನಾ ಜಲಾಶಯದಿಂದ ಹೊಳೆಗೆ ಬಿಟ್ಟ ನೀರನ್ನು ರಾವೇತದಲ್ಲಿ ಎತ್ತಿ ಇಲ್ಲಿಗೆ ತರುತ್ತಾರೆ. ಜಲಾಶಯದಿಂದ ನಿಗಡಿಗೆ ನೇರವಾಗಿ ಮುಚ್ಚಿದ ಕೊಳವೆ ಹಾಕುವ ಯೋಜನೆ ಬಂದಾಗ, ತಮ್ಮ ಹೊಲದ ನೀರು ಹೋದೀತೆಂದು ಮಾವಳದ ರೈತರು ಅಂಜಿದರು. 2011ರ ಆಗಸ್ಟ್ 9ರಂದು ಅವರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ತಡೆದಾಗ, ಪೊಲೀಸರ ಗುಂಡಿಗೆ ಒಬ್ಬ ಹೆಂಗಸೂ ಸೇರಿ ಮೂವರು ಬಲಿಯಾದರು.

ನಗರದ ಬಾಯಾರಿಕೆಯೂ ಸುಳ್ಳಲ್ಲ, ರೈತರ ಅಂಜಿಕೆಯೂ ಸುಳ್ಳಲ್ಲ. ಹೊಳೆ ಒಬ್ಬರ ಸೊತ್ತಲ್ಲ. ಅದಕ್ಕೆ ಕೇಡು ಬಂದರೆ ಕೋರ್ಟಿನಲ್ಲಿ ಅದರ ಪರವಾಗಿ ನಿಲ್ಲುವವರಾರು? "ಇದರಿಂದ ನಿನಗೇನು ನಷ್ಟ?" ಎಂಬುದು ನ್ಯಾಯಾಲಯದ ಹಳೆಯ ಪ್ರಶ್ನೆ. ಊರಿಗೆಲ್ಲ ಆದ ನಷ್ಟವನ್ನು ಒಬ್ಬನು ತನ್ನದೆಂದು ತೋರಿಸುವುದು ಹೇಗೆ? 1981ರಲ್ಲಿ ಎಸ್. ಪಿ. ಗುಪ್ತಾ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಲೋಕಹಿತಕ್ಕಾಗಿ ಸದ್ಭಾವದಿಂದ ಬಂದವರ ಮಾತನ್ನೂ ಕೇಳಬೇಕೆಂದು ಹೇಳಿ ಬಾಗಿಲನ್ನು ಅಗಲಿಸಿದರು. ಅದೇ ದಶಕದಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳ ಸಾಮೂಹಿಕ ಭೂಮಿ ನೀಲಗಿರಿ ತೋಪಾಗಹೊರಟಾಗ, ಸಮಾಜ ಪರಿವರ್ತನ ಸಮುದಾಯವೂ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದರು. ಕಾರಂತರು ಕಡಲ ಸೀಮೆಯವರು. ಹೋರಾಟದ ಕುಸನೂರು ಇದ್ದುದು ಹಾನಗಲ್ಲ ತಾಲೂಕಿನಲ್ಲಿ!

ಯುರೋಪಿನಲ್ಲಿಯೂ ಈ ಪ್ರಶ್ನೆ ಎದ್ದಿತು. ಬಿಸಿಲಿನ ತಾಪ ಹೆಚ್ಚುತ್ತಿದೆ, ಸರಕಾರ ಸಾಕಷ್ಟು ಮಾಡುತ್ತಿಲ್ಲವೆಂದು ಸ್ವಿಟ್ಜರ್‌ಲೆಂಡಿನ ಹಿರಿಯ ಮಹಿಳೆಯರು ಸ್ಟ್ರಾಸ್‌ಬೂರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. 2024ರ ಏಪ್ರಿಲ್ 9ರ ತೀರ್ಪಿನಲ್ಲಿ, ಬಿಡಿಬಿಡಿಯಾಗಿ ಬಂದ ನಾಲ್ವರ ದೂರನ್ನು ನ್ಯಾಯಾಲಯ ಸ್ವೀಕರಿಸಲಿಲ್ಲ. ಅವರ ಸಂಘದ ದೂರನ್ನು ಮಾತ್ರ ಸ್ವೀಕರಿಸಿ ಎತ್ತಿಹಿಡಿಯಿತು. ಸಂಘವೆಂದರೆ ಹಬ್ಬ-ಹುಣ್ಣಿಮೆಗೆ ಕೂಡುವುದಷ್ಟೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಅಷ್ಟು ದೂರ ನಾವು ಹೋಗಬೇಕಾಗಿಲ್ಲ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆ, ಬಾಧಿತರನ್ನು ಪ್ರತಿನಿಧಿಸುವ ಸಂಘ-ಸಂಸ್ಥೆಗಳಿಗೂ ಅರ್ಜಿ ಹಾಕುವ ಹಕ್ಕನ್ನು ಕೊಟ್ಟಿದೆ. ಮಂಡಳಿಯ ಪಶ್ಚಿಮ ವಲಯದ ಪೀಠ ಪುಣೆಯಲ್ಲೇ ಉಂಟು. ತಂಟೆ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕೆಂಬುದನ್ನು ಮಾತ್ರ ಮರೆಯಬಾರದು. ಪವನೆಯ ನೀರು ಕುಡಿದು ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ. ಆ ಹೊಳೆಗೆ ಕೇಡು ಬಂದ ದಿನ, ನೆರೆಯ ಮರಾಠಿ ಬಂಧುಗಳೊಡನೆ ಅರ್ಜಿಗೆ ರುಜು ಹಾಕಲು ನಮ್ಮ ಮನೆಮಾತು ಅಡ್ಡ ಬರಲಾರದು.