ಹೋಲಿಕೆಯ ಗರಜು

ನಮ್ಮ ಕಡೆಯ ಮದುವೆಗಳಿಗೆ ಒಂದು ಬಂಡಿ ತಪ್ಪದೆ ಬರುತ್ತದೆ. ಎತ್ತು ಕಟ್ಟಿದ ಬಂಡಿಯಲ್ಲ, ಮಾತಿನ ಬಂಡಿ. ಸಂಸಾರವೆಂದರೆ ಎರಡು ಗಾಲಿಯ ಬಂಡಿ, ಒಂದು ಗಾಲಿ ಗಂಡ, ಇನ್ನೊಂದು ಗಾಲಿ ಹೆಂಡತಿ ಎಂದು ನಿಕಾಹ್ ಮುಗಿದ ಮೇಲೆ ಹಿರಿಯರೊಬ್ಬರು ಬುದ್ಧಿ ಹೇಳುತ್ತಾರೆ. ಪಕ್ಕದ ಓಣಿಯ ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ಸ್ವಾಮಿಗಳು ಹೇಳುವುದೂ ಇದನ್ನೇ. ಫಕೀರ ಮತ್ತು ಈಶ್ವರ ಇಬ್ಬರೂ ಕೂಡಿ ಫಕೀರೇಶ್ವರ ಎಂಬ ಒಂದೇ ಹೆಸರಾಗಿರುವ ಮಠ ನಮ್ಮ ಶಿರಹಟ್ಟಿಯದು. ಇಲ್ಲಿ ಮಾತುಗಳು ಹೀಗೆ ಮನೆಯಿಂದ ಮನೆಗೆ ಓಡಾಡುವುದರಲ್ಲಿ ಅಚ್ಚರಿಯಿಲ್ಲ.

ಬಂಡಿಯ ಮಾತು ಕೇಳಲು ಚೆಂದ. ಆದರೆ ಗಾಲಿಗಳೆರಡೂ ಸಮ ಎಂದವರು ಅಲ್ಲಿಗೇ ನಿಲ್ಲಿಸುತ್ತಾರೆ. ನೊಗ ಯಾರ ಹೆಗಲ ಮೇಲಿದೆ? ಮೇಲೆ ಕೂತವರು ಯಾರು? ಬಾರುಕೋಲು ಯಾರ ಕೈಯಲ್ಲಿದೆ? ಕೀಲೆಣ್ಣೆ ಹಾಕುವವರು ಯಾರು? ಬಂಡಿ ಎಂದ ಮೇಲೆ ಇವೆಲ್ಲ ಇರಲೇಬೇಕು. ಆದರೆ ಹೇಳುವವರಿಗೆ ಎಲ್ಲಿಯವರೆಗೆ ಅನುಕೂಲವೋ ಹೋಲಿಕೆ ಅಲ್ಲಿಯವರೆಗೆ ಮಾತ್ರ ಉರುಳುತ್ತದೆ.

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಆಮೇಲೆ ಕನ್ನಡ ಹೈಸ್ಕೂಲು ಸೇರಿದೆ. ಹಾಗಾಗಿ ಹೋಲಿಕೆಯ ಪಾಠವನ್ನು ಎರಡು ಭಾಷೆಗಳಲ್ಲಿ ಕಲಿಯುವ ಭಾಗ್ಯ ನನ್ನದಾಯಿತು. ಕನ್ನಡದ ವ್ಯಾಕರಣ ಪುಸ್ತಕದಲ್ಲಿ ಮುಖವನ್ನು ಕಮಲಕ್ಕೆ ಹೋಲಿಸುತ್ತಿದ್ದರು, ಉರ್ದುವಿನಲ್ಲಿ ಧೀರನನ್ನು ಸಿಂಹಕ್ಕೆ. ಉಪಮಾಲಂಕಾರಕ್ಕೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ. ಯಾವುದನ್ನು ಹೋಲಿಸಿದೆ, ಯಾವುದಕ್ಕೆ ಹೋಲಿಸಿದೆ, 'ಅಂತೆ', 'ಹಾಗೆ' ಎಂಬ ಪದ ಎಲ್ಲಿದೆ, ಎರಡರಲ್ಲೂ ಇರುವ ಸಮಾನ ಗುಣ ಯಾವುದು. ಉರ್ದುವಿನ ತಷ್‌ಬೀಹ್‌ನಲ್ಲೂ ಇವೇ ನಾಲ್ಕಿವೆ, ಹೆಸರು ಮಾತ್ರ ಬೇರೆ. ಆದರೆ ಉರ್ದು ಪುಸ್ತಕಗಳು ಸಾಮಾನ್ಯವಾಗಿ ಐದನೆಯದೊಂದನ್ನು ಸೇರಿಸುತ್ತವೆ: ಗರಝೆ ತಷ್‌ಬೀಹ್. ಅಂದರೆ ಹೋಲಿಕೆಯ ಉದ್ದೇಶ. ಈ ಹೋಲಿಕೆಯನ್ನು ಯಾಕೆ ಮಾಡಿದರು ಎಂಬ ಪ್ರಶ್ನೆ. ನಮ್ಮ ಕಡೆಯ ಕನ್ನಡದಲ್ಲಿ ಈ ಶಬ್ದ ಗರಜು ಎಂದಾಗಿ ದಿನವೂ ಬಾಯಲ್ಲಿದೆ. 'ನನಗೇನ ಅದರ ಗರಜ ಇಲ್ಲ' ಎನ್ನುತ್ತೇವಲ್ಲ, ಅದೇ ಗರಜು.

ಹೋಲಿಕೆಗಳಿಗೆ ನಮ್ಮ ಸೀಮೆಯಲ್ಲಿ ಎಂದೂ ಬರವಿರಲಿಲ್ಲ. 'ರೂಪಕ ಸಾಮ್ರಾಜ್ಯ ಚಕ್ರವರ್ತಿ' ಎಂದು ಕನ್ನಡಿಗರು ಕರೆದ ಕುಮಾರವ್ಯಾಸ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕೂತು ಭಾರತ ಬರೆದನೆಂದು ನಂಬಿಕೆ. ಲಕ್ಷ್ಮೇಶ್ವರ ದಾಟಿ ಪಶ್ಚಿಮಕ್ಕೆ ಹೋದರೆ ಶಿಶುನಾಳ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫ ಸಾಹೇಬರು ಸೋರುವ ಮಾಳಿಗೆಯನ್ನು ಬದುಕಿಗೆ ಹೋಲಿಸಿ ಹಾಡಿದರು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಸವಳು ಮಣ್ಣು ಹರವಿ ತುಳಿಯದಿದ್ದರೆ ರಾತ್ರಿಯೆಲ್ಲ ತೊಟ್ಟಿಕ್ಕುವ ಕಡೆಗೆ ಬೋಗುಣಿ ಇಡುತ್ತ ಕೂರಬೇಕು. ಷರೀಫರ ಹೋಲಿಕೆ ಆ ಬೋಗುಣಿಯ ಸಪ್ಪಳ ಕೇಳಿದವರದು. ಅದರ ಗರಜು ಕೇಳುವವನನ್ನು ಎಬ್ಬಿಸುವುದು, ಮಲಗಿಸುವುದಲ್ಲ.

ಉರ್ದುವಿನಲ್ಲಿ ಆಗ್ರಾದ ನಝೀರ್ ಅಕಬರಾಬಾದಿ ರೊಟ್ಟಿಯ ಮೇಲೆ, ಸೌತೆಕಾಯಿಯ ಮೇಲೆ, ಕಲ್ಲಂಗಡಿಯ ಮೇಲೆ ಪದ್ಯ ಕಟ್ಟಿದರು. ಹಬೀಬ್ ತನ್ವೀರ್ 1954ರಲ್ಲಿ ಅವರ ಪದ್ಯಗಳನ್ನಿಟ್ಟುಕೊಂಡು 'ಆಗ್ರಾ ಬಝಾರ್' ನಾಟಕ ಆಡಿಸಿದರು. ಅದರಲ್ಲಿ ಸೌತೆಕಾಯಿ ಮಾರುವವನೊಬ್ಬ ತನ್ನ ಸರಕಿನ ಮೇಲೆ ನಾಲ್ಕು ಸಾಲು ಬರೆದುಕೊಡಿ ಎಂದು ಕವಿಗಳ ಹಿಂದೆ ಅಲೆಯುತ್ತಾನೆ. ಅವನ ಗರಜು ಸ್ಪಷ್ಟ: ಕಾಯಿ ಮಾರಾಟವಾಗಬೇಕು, ಹೊಟ್ಟೆ ತುಂಬಬೇಕು. ಕುರ್‌ಆನಿನ ಅಧ್ಯಾಯಗಳಿಗೂ ಹಸು, ಜೇನುನೊಣ, ಇರುವೆ, ಜೇಡ ಎಂಬ ಹೆಸರುಗಳಿವೆ. ದಿನಬಳಕೆಯ ವಸ್ತುವಿನಿಂದ ಬದುಕನ್ನು ತಿಳಿಸುವುದು ಹೊಸದಲ್ಲ, ಕೀಳೂ ಅಲ್ಲ.

ಹಾಗಿದ್ದರೆ ತೊಂದರೆ ಎಲ್ಲಿ ಶುರುವಾಗುತ್ತದೆ?

ಕೆಲವು ವರ್ಷಗಳ ಹಿಂದೆ ನಮ್ಮ ಖಾಲಾನ ಮಗಳು ಗಂಡನ ಮನೆ ಬಿಟ್ಟು ತವರಿಗೆ ಬಂದಳು. ಹಿರಿಯರು ಸೇರಿದರು. ಹೆಂಗಸರು ನಾವು ಪರದೆಯ ಈಚೆ ಕೂತಿದ್ದೆವು. ಒಬ್ಬರು ಬಂಡಿಯ ಮಾತಾಡಿದರು. ಇನ್ನೊಬ್ಬರು, ಹೆಣ್ಣೆಂದರೆ ಗಾಜಿನ ಸಾಮಾನು, ಜೋಪಾನವಾಗಿರಬೇಕು ಎಂದರು. ಮತ್ತೊಬ್ಬರು, ಹಾಲು ಒಡೆದರೆ ಮತ್ತೆ ಹಾಲಾಗುವುದಿಲ್ಲ ಎಂದರು. ಕೊನೆಗೆ ಆಕೆಯ ಸೋದರಮಾವ ಸಮಾಧಾನದ ದನಿಯಲ್ಲಿ, "ಬೇಟಿ, ಎರಡ ಪಾತ್ರಿ ಒಂದ ಕಡೆ ಇದ್ದ ಮ್ಯಾಲ ಸಪ್ಪಳ ಆಗೂದ" ಎಂದರು.

"ಸಪ್ಪಳ ಆಗಿದ್ದು ಪಾತ್ರೀದಲ್ಲ ಮಾಮು, ನನ್ನ ತಲೀದು" ಎಂದಳು ಆಕೆ.

ಪರದೆಯ ಆಚೆ ಯಾರೂ ಮಾತಾಡಲಿಲ್ಲ. ಅಲ್ಲಿಯವರೆಗೆ ಒಂದು ತಾಸು ಬಂಡಿ, ಗಾಜು, ಹಾಲು, ಪಾತ್ರೆ ಎಲ್ಲ ಬಂದು ಹೋಗಿದ್ದವು. ಏನು ನಡೆಯಿತು ಎಂಬ ಪ್ರಶ್ನೆ ಮಾತ್ರ ಬಂದಿರಲಿಲ್ಲ. ಆ ಹಿರಿಯರು ಕೆಟ್ಟವರಲ್ಲ. ಕೇಳಬಾರದ್ದನ್ನು ಕೇಳಬೇಕಾಗುತ್ತದೆಂಬ ಮುಜುಗರದಲ್ಲಿ ಗಾದೆಗಳ ಹಿಂದೆ ಅಡಗಿದ್ದರು. ಆಮೇಲೆ ಕೇಳಿದರು. ಆಕೆ ಹೇಳಿದಳು. ಮುಂದೆ ಕೆಲವು ತಿಂಗಳಲ್ಲಿ ಖುಲಾ ಆಯಿತು.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಬಂಡಿಯೂ ಇಲ್ಲ, ಪಾತ್ರೆಯೂ ಇಲ್ಲ. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಹಿಂಸೆ ಎಂದು ನೇರ ಹೆಸರಿಟ್ಟು ಕರೆದಿದೆ. ನಾವು ಕತೆ ಬರೆಯುವವರಿಗೆ ಕಾನೂನಿನ ಭಾಷೆ ಒಣಗಿದ ಕಟ್ಟಿಗೆಯಂತೆ ಕಾಣುವುದುಂಟು. ಆದರೆ ಪೆಟ್ಟನ್ನು ಪೆಟ್ಟು ಎಂದು ಕರೆಯಬೇಕಾದ ಕಡೆ ಆ ಕಟ್ಟಿಗೆಯೇ ಊರುಗೋಲು. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, 1978ರಲ್ಲಿ 'ಇಲ್‌ನೆಸ್ ಆ್ಯಸ್ ಮೆಟಫರ್' ಎಂಬ ಪುಸ್ತಕ ಪ್ರಕಟಿಸಿದರು. ರೋಗಕ್ಕೆ ನಾವು ತೊಡಿಸುವ ಹೋಲಿಕೆಗಳು ರೋಗಿಯ ಮೇಲೆ ಇನ್ನೊಂದು ಹೊರೆಯಾಗುತ್ತವೆ ಎಂಬುದು ಅವರ ವಾದ. ಮುರಿದ ಮದುವೆಗೂ ಈ ಮಾತು ಅನ್ವಯಿಸುತ್ತದೆ.

ನಮ್ಮ ಖಾಲಾನ ಮಗಳು ಈಗ ಕೌದಿ ಹೊಲಿಯುತ್ತಾಳೆ. ಹಳೆಯ ಇಳಕಲ್ ಸೀರೆ, ಲುಂಗಿ, ಧೋತರದ ತುಂಡುಗಳನ್ನು ಪದರಪದರವಾಗಿ ಹಾಸಿ ಸಾಲುಹೊಲಿಗೆ ಹಾಕುವ ಕೆಲಸ. ಹಿಂದೂ, ಮುಸ್ಲಿಂ ಎನ್ನದೆ ಓಣಿಯವರೆಲ್ಲ ಅರಿವೆ ತಂದು ಕೊಡುತ್ತಾರೆ. ಇತ್ತೀಚೆಗೆ ಒಂದು ಮದುವೆಯಲ್ಲಿ ಯಾರೋ ಹೊಸ ಮಾತು ಕಂಡುಕೊಂಡವರಂತೆ, ಸಂಸಾರವೆಂದರೆ ಕೌದಿ ಇದ್ದ ಹಾಗೆ, ಎಲ್ಲ ತುಂಡುಗಳೂ ಹೊಂದಿಕೊಂಡು ಹೋಗಬೇಕು ಎಂದು ಮದುಮಗಳಿಗೆ ಬುದ್ಧಿ ಹೇಳಿದರು. ಆಕೆ ನನ್ನ ಕಿವಿಯಲ್ಲಿ ಹೇಳಿದಳು: "ಅವ್ರ ಎಂದೂ ಕೌದಿ ಹೊಲದಿಲ್ಲ ಆಪಾ. ಜೀರ್ಣಾದ ಅರಿವಿ ನಾವು ಮೊದಲ ತಗದ ಇಡತೀವಿ. ಅದಕ್ಕ ಸೂಜಿ ಹಾಕಿದ್ರ ಬಾಜೂದ್ದೂ ಹರೀತೈತಿ."

ವಸ್ತು ಒಂದೇ, ಕೌದಿ. ಒಬ್ಬರ ಬಾಯಲ್ಲಿ ಅದು ಸುಮ್ಮನಿರು ಎಂಬ ಅಪ್ಪಣೆ. ಇನ್ನೊಬ್ಬರ ಬಾಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆ.

ಬದುಕನ್ನು ಬಂಡಿಗೆ, ಸಂತೆಗೆ, ದೀಪಕ್ಕೆ ಹೋಲಿಸುವುದನ್ನು ನಾವು ಬಿಡಲಾರೆವು, ಬಿಡಬೇಕಾಗಿಯೂ ಇಲ್ಲ. ಮುಂದಿನ ಸಲ ಯಾರಾದರೂ ನಿಮ್ಮ ಎದುರು ಹೋಲಿಕೆಯೊಂದನ್ನು ಇಟ್ಟಾಗ ಉಪಮೇಯ, ಉಪಮಾನಗಳನ್ನು ಹುಡುಕಿ ಅಷ್ಟಕ್ಕೇ ನಿಲ್ಲಬೇಡಿ. ಆ ಐದನೆಯದನ್ನೂ ಕೇಳಿ. ಮನೆಯಲ್ಲಿ ಹೆಣ್ಣುಮಗಳೊಬ್ಬಳು ತಲೆ ತಗ್ಗಿಸಿ ಕೂತಿದ್ದರಂತೂ ಮೊದಲು ಅದನ್ನೇ ಕೇಳಿ.