ನಮ್ಮ ಕ್ಲಾಸಿನ ದುರ್ಯೋಧನ

ಹೋದ್ ಸಲ ಉಪ್ಸಾರಿನ ಖಾರ ಅರಿಯೋದು ಬರ್ದಿದ್ದೆ. ಈ ಸಲ ಅಡ್ಗೆ ಮನೆ ಬುಟ್ಟು ಈಚೆಗೆ ಬತ್ತೀನಿ. ನನ್ ಜೊತೇಲಿ ಹೈಸ್ಕೂಲು ಓದ್ದೋಳೊಬ್ಬಳ ವಿಚಾರ ಹೇಳ್ಬೇಕು. ಯಲಿಯೂರಿನ ಹಳೇ ತಲೆಗಳಿಗೆ ಹೆಸ್ರು ಹೇಳ್ದೆ ಇದ್ರೂ ಗೊತ್ತಾಯ್ತದೆ. ನಾವಂತೂ ಅವ್ಳನ್ನ ಕರೀತಿದ್ದುದೇ ‘ದುರ್ಯೋಧನ’ ಅಂತ.

ಈಗಿನ ಐಕ್ಳಿಗೆ ಗೊತ್ತಿರಾಕಿಲ್ಲ, ಅದ್ಕೇ ಬುಡದಿಂದ ಹೇಳ್ತೀನಿ. 1984-85ರ ಕಾಲ ಅದು. ನಮ್ ಮಂಡ್ಯ ಸೀಮೇಲಿ ಸುಗ್ಗಿ ಮುಗೀತು ಅಂದ್ರೆ ಊರೂರಲ್ಲೂ ಕುರುಕ್ಷೇತ್ರ ನಾಟ್ಕ. ಪಾರ್ಟು ಸುಮ್ನೆ ಸಿಕ್ತಿರ್ಲಿಲ್ಲ, ದುಡ್ಡು ಕೊಟ್ಟು ತಗೋಬೇಕಿತ್ತು. ಕೃಷ್ಣ, ದುರ್ಯೋಧನ ಅಂದ್ರೆ ಜಾಸ್ತಿ, ಸಣ್ ಪುಟ್ಟ ಪಾರ್ಟಿಗೆ ಕಮ್ಮಿ. ಗದ್ದೆ ಕೆಲ್ಸ ಮುಗಿಸ್ಕಂಡು ಬಂದ ಗಂಡಸ್ರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತ್ಕಂಡು ತಿಂಗಳಾನುಗಟ್ಲೆ ತಾಲೀಮು ಮಾಡೋರು. ದ್ರೌಪದಿ, ರುಕ್ಮಿಣಿ ಪಾರ್ಟಿಗೆ ಹೊರಗಿಂದ ಕಲಾವಿದೇರನ್ನ ಕರೆಸೋರು. ಊರಿನ ಹೆಣ್ಮಕ್ಕಳು ಏನಿದ್ರೂ ಚಾಪೆ ಹಾಸ್ಕಂಡು, ಪುರಿ ಕಡ್ಲೆಕಾಯಿ ತಿನ್ಕಂಡು, ಬೆಳಗಾಗೋವರ್ಗೂ ನೋಡ್ಬೇಕು. ಅಷ್ಟೆ.

ಒಂದ್ ವರ್ಷ ಅವರಣ್ಣ ದುರ್ಯೋಧನನ ಪಾರ್ಟು ತಗಂಡ. ಮಾತು ಬಾಯಿಗೇ ಹತ್ತಾಕಿಲ್ಲ ಅವ್ನಿಗೆ. ಇವ್ಳು ಮುದ್ದೆಗೆ ಎಸರಿಟ್ಟು, ಒಲೆ ಮುಂದೆ ಕೂತ್ಕಂಡು ಪಾರ್ಟಿನ ಪುಸ್ತಕ ಹಿಡ್ದು ಹೇಳಿಕೊಡೋಳು. ಹದಿನೈದು ದಿನಕ್ಕೆ ಅಣ್ಣನಿಗಿಂತ ಮುಂಚೆ ಇವ್ಳಿಗೇ ಬಾಯಿಪಾಠ ಆಯ್ತು. ಬರೀ ಮಾತಲ್ಲ, ನಡಿಗೆ, ನಗು, ಇಲ್ದೆ ಇರೋ ಮೀಸೆ ತಿರುವೋದು, ಎಲ್ಲಾ. ಮಧ್ಯಾಹ್ನ ಬೆಲ್ ಹೊಡೀತಿದ್ದಂಗೆ ಹುಣಸೇ ಮರದ ಬುಡದಲ್ಲಿ ಸಭೆ ಸೇರ್ತಿತ್ತು. ಕಬ್ಬಿನ ಜಲ್ಲೇನೇ ಗದೆ. ನಾಟ್ಕ ಮುಗುದ್ ಮೇಲೆ ಗದೇನ ಮುರ್ಕಂಡು ಎಲ್ಲಾರೂ ತಿಂತಿದ್ವಿ.

‘ನಂಗೂ ಒಂದು ಪಾರ್ಟು ಕೊಡ್ಸಪ್ಪ’ ಅಂತ ಅವರಪ್ಪನ್ನ ಕೇಳಿದ್ಲಂತೆ. ಅವರಪ್ಪ ನಕ್ಕು ಸುಮ್ಕಾದ್ರು. ಅವರವ್ವ ಮಾತ್ರ, ‘ಸ್ಟೇಜ್ ಹತ್ತಿದ್ ಹೆಣ್ಣ ಯಾರವ್ವ ಸೊಸೆ ಮಾಡ್ಕತಾರೆ?’ ಅಂದ್ರು. ಆ ಅವ್ವನ ಬಯ್ಯೋಕಾಯ್ತದಾ? ಆಗ ನಮ್ ಮನೆಗಳಲ್ಲೆಲ್ಲ ಅದೇ ಮಾತು.

ಮನೆ ಒಳಗೆ ನಿಲ್ಲೋ ಜೀವಾನೇ ಅಲ್ಲ ಅದು. ವಿ.ಸಿ. ನಾಲೇನ ನಮ್ ತಾತದೀರು ಇರ್ವಿನ್ ನಾಲೆ ಅನ್ನೋರು. ಅದ್ರಲ್ಲಿ ಗಂಡೈಕ್ಳಿಗೆ ಸರಿಸಾಟಿಯಾಗಿ ಈಜೋಳು. ನಾನು ದಡದಲ್ಲಿ ಅವಳ ಬಟ್ಟೆ ಕಾಯೋಳು. ಒಂದ್ ಸಲ ಸ್ಕೂಲಿಂದ ಕುಂತಿ ಬೆಟ್ಟಕ್ಕೆ ಕರ್ಕಂಡೋಗಿದ್ರು. ಯಲಿಯೂರು ಸ್ಟೇಷನ್ನಲ್ಲಿ ರೈಲು ಹತ್ತಿ, ಪಾಂಡವಪುರದಲ್ಲಿ ಇಳ್ದು, ನಡ್ದೂ ನಡ್ದೂ ಸಾಕಾಗಿತ್ತು. ಪಾಂಡವ್ರು ಅವರವ್ವ ಕುಂತಿ ಜೊತೇಲಿ ಅಲ್ಲಿದ್ರು ಅಂತ ಪ್ರತೀತಿ, ಊರಿಗೆ ಆ ಹೆಸರು ಬಂದಿರೋದೂ ಅದ್ರಿಂದ್ಲೇ. ನಾವು ಬಂಡೆ ಹಿಡ್ಕಂಡು ತೆವಳ್ತಾ ಇದ್ರೆ ಇವ್ಳು ಆಗ್ಲೇ ತುದೀಲಿ ನಿಂತು ದುರ್ಯೋಧನನ ಮಾತು ಶುರು ಹಚ್ಕಂಡಿದ್ಲು. ‘ಪಾಂಡವ್ರ ಬೆಟ್ಟಕ್ಕೇ ಬಂದು ಪಾಂಡವ್ರನ್ನ ಬಯ್ತಾವ್ಳಲ್ಲಪ್ಪ’ ಅಂತ ಮೇಷ್ಟ್ರು ಹೊಟ್ಟೆ ಹಿಡ್ಕಂಡು ನಕ್ಕಿದ್ರು.

ಎಸ್ಸೆಸ್ಸೆಲ್ಸಿ ಆಯ್ತು. ನಾನು ಪಿಯುಸಿಗೆ ಮಂಡ್ಯಕ್ಕೆ ಹೋದೆ, ಅವ್ಳನ್ನ ಮಳವಳ್ಳಿ ಕಡೆ ಕೊಟ್ರು. ಮದ್ವೆ ಮುಂಜೀಲಿ ಸಿಕ್ತಿದ್ಲು. ಸಿಕ್ಕಾಗೆಲ್ಲ ಯಾವ್ದೋ ತಿರುಗಾಟದ ಕಥೆ. ಮಳೆಗಾಲದಲ್ಲಿ ಗಗನಚುಕ್ಕಿ ನೀರು ನೋಡೋಕೆ ಸಂಘದ ಹೆಂಗಸ್ರನ್ನೆಲ್ಲ ಕರ್ಕಂಡು ಹೊಂಟೋಗಿದ್ಲು, ಮುತ್ತತ್ತಿಗೆ ಹೋಗಿ ಹೊಳೇಲಿ ಈಜಿದ್ಲು, ಇಂಥವೇ.

2012ರಲ್ಲಿ ಒಂದಿನ ಬೆಳಗ್ಗೇನೇ ಫೋನು. ‘ಅಮ್ಮೀ, ಪೇಪರ್ ನೋಡ್ದಾ?’ ಅಂದ್ಲು. ಆರ್. ನಾಗರತ್ನಮ್ಮೋರಿಗೆ ಪದ್ಮಶ್ರೀ ಬಂದಿತ್ತು. ಅವ್ರು 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿದ್ರು. ಅದ್ರಲ್ಲಿ ಎಲ್ಲಾರೂ ಹೆಂಗಸ್ರೇ, ಗಂಡಸ್ರ ದೊಡ್ ದೊಡ್ ಪಾರ್ಟೆಲ್ಲ ನಾಗರತ್ನಮ್ಮೋರೇ ಮಾಡೋರು. ಇವ್ಳು ಖುಷಿಲಿ ಶುರು ಮಾಡ್ದೋಳು ಇದ್ದಕ್ಕಿದ್ದಂಗೆ ಅಳೋಕೆ ಹತ್ತುದ್ಲು. ‘ನಾವು ಹುಟ್ಟೋಕೆ ಮುಂಚೆನೇ ಮಾಡಿದ್ರಂತಲ್ಲೇ. ಒಬ್ರೂ ಹೇಳ್ನಿಲ್ವಲ್ಲೇ’ ಅಂದ್ಲು. ನಂಗೆ ಏನ್ ಹೇಳ್ಬೇಕೋ ತೋಚ್ನಿಲ್ಲ. ನಾಗರತ್ನಮ್ಮೋರು ಅದೇ ವರ್ಷ ತೀರ್ಕಂಡ್ರು.

ಅತ್ತು ಸುಮ್ಕಾಗೋಳಲ್ಲ ಅವ್ಳು. ಎರಡ್ ವರ್ಷಕ್ಕೆ ಸಂಘದ ಹೆಂಗಸ್ರನ್ನ ಒಪ್ಸಿ, ಊರಬ್ಬದಲ್ಲಿ ಕೃಷ್ಣ ಸಂಧಾನದ ಒಂದ್ ಸೀನು ಆಡುಸೇ ಬುಟ್ಲು. ಗದೆ, ಕಿರೀಟ ಬಾಡಿಗೇಗೆ ತಂದಿದ್ರು. ಕೃಷ್ಣನ ಪಾರ್ಟು ಮಾಡ್ದೋರು ಅಂಗನವಾಡಿ ಆಯಾ. ನಾನೂ ಹೋಗಿದ್ದೆ. ಸೊಸೆ, ಮೊಮ್ಮಗ ಇರೋ ಹೆಂಗ್ಸು ಮೀಸೆ ಬರ್ಕಂಡು ಗದೆ ಹೊತ್ಕಂಡು ಬಂದ್ರೆ ಮೊದ್ಲು ಐಕ್ಳು ನಕ್ವು. ಎರಡ್ ಮಾತು ಮುಗಿಯೋದ್ರೊಳಗೆ ಯಾರೂ ನಗ್ತಿರ್ಲಿಲ್ಲ. ಮಧ್ಯದಲ್ಲಿ ಅವರಣ್ಣ ಎದ್ದೋಗಿ, ಆ ಕಾಲದಲ್ಲಿ ಇವ್ಳು ಹೇಳ್ಕೊಟ್ಟಿದ್ದ ಅದೇ ಅಣ್ಣ, ಕೊರಳಿಗೆ ಹಾರ ಹಾಕ್ದ. ಅವ್ನ ಕಣ್ಣಲ್ಲಿ ನೀರು. ಇವ್ಳು ಮಾತ್ರ ನಗ್ನಿಲ್ಲ, ತಲೆ ಬಗ್ಗುಸ್ನಿಲ್ಲ. ದುರ್ಯೋಧನ ಯಾರ್ಗೂ ತಲೆ ಬಗ್ಗುಸಾಕಿಲ್ಲ ನೋಡಿ. ಮಾತು ಮುಗುಸ್ಬುಟ್ಟೇ ಒಳಕ್ಕೋದ್ಲು. ಪರದೆ ಹಿಂದೆ ಹೋಗಿ ಅಣ್ಣನ ಹೆಗಲ ಮೇಲೆ ತಲೆ ಇಟ್ಟು ಅತ್ತಿದ್ದು ನನಗೊಬ್ಬಳಿಗೇ ಗೊತ್ತು.

ಹೋದ ವರ್ಷ ಕಾರ್ತೀಕದಲ್ಲಿ ಅವ್ಳು ಹೋಗ್ಬುಟ್ಲು. ಕಾಯಿಲೆ ವಿಚಾರ ಇಲ್ಲಿ ಬೇಡ, ಅದು ಅವ್ಳಲ್ಲ. ತಿಥಿ ದಿನ ಸಂಘದ ಹೆಂಗಸ್ರು ಹೇಳುದ್ರು, ಮುಂದಿನ ಹಬ್ಬಕ್ಕೆ ಆ ಸೀನು ಮತ್ತೆ ಆಡ್ತಾರಂತೆ, ದುರ್ಯೋಧನನ ಪಾರ್ಟಿಗೆ ಅವ್ಳ ಸೊಸೇನೇ ನಿಂತವ್ಳಂತೆ.

ಇನ್ನೊಂದು ಮಾತು. ಕುಂತಿ ಬೆಟ್ಟದ ಬುಡದಲ್ಲಿ ನಮ್ ಕ್ಲಾಸಿನೋರೆಲ್ಲ ಒಂದ್ ಫೋಟೋ ತೆಗುಸ್ಕಂಡಿದ್ವಿ. ಹಿಂದ್ಗಡೆ ಸಾಲಲ್ಲಿ ಒಬ್ಳು ಬಂಡೆ ಮೇಲೆ ನಿಂತವ್ಳೆ, ಕೈ ಮೀಸೆ ಹತ್ರ ಇಟ್ಕಂಡು. ಅದು ನಿಮ್ ಯಾರ ಮನೆ ಅಟ್ಟದ ಪೆಟ್ಟಿಗೇಲಾದ್ರೂ ಇದ್ರೆ ನಂಗೆ ಕಳ್ಸಿಕೊಡ್ರವ್ವ. ಅವ್ಳ ಸೊಸೆಗೆ ಕೊಡ್ಬೇಕು.